ಎಣಿಕೆಗೆ ಬಗ್ಗದ ಮೇಷ್ಟ್ರು

ಅರ್ಥಶಾಸ್ತ್ರ ವಿಭಾಗದ ಹಟದ ಮೇಷ್ಟ್ರಿಗೆ ಅಂದಿನ ಗ್ರಹಚಾರ ಶುರುವಾದದ್ದು ಈರುಳ್ಳಿಯಿಂದ. ಈರುಳ್ಳಿ ಬೆಲೆಯ ಮೇಲೆ ಅವರು ಬರೆದ ಲೇಖನ ಮಧ್ಯಾಹ್ನ ವಿಭಾಗದ ಜಾಲತಾಣಕ್ಕೆ ಏರಬೇಕಿತ್ತು.

ಹಿಂದೆಲ್ಲ ಒಬ್ಬ ವಿದ್ವಾಂಸರ ಹೆಸರನ್ನು ಇನ್ನೊಬ್ಬರು ಎತ್ತಿದರೆ, ಹೊಗಳಿದರೋ ಬೈದರೋ ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ, ಎಣಿಸುತ್ತಾರೆ. ಯಾವ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದವರನ್ನು ಹೆಚ್ಚು ಜನ ತಮ್ಮ ಬರಹದಲ್ಲಿ ಉಲ್ಲೇಖಿಸಿದ್ದಾರೋ ಆ ವಿಭಾಗ ಮೇಲು. ಎಣಿಕೆ ಅಂದು ಸಂಜೆಗೆ ಮುಗಿಯುವುದಿತ್ತು. ಕೊನೆಗೆ ಬಿದ್ದರೆ ಮೇಲಂತಸ್ತನ್ನು ಮ್ಯಾನೇಜ್‌ಮೆಂಟ್ ವಿಭಾಗಕ್ಕೆ ಬಿಟ್ಟುಕೊಟ್ಟು, ಕೆಳಗೆ ಜನರೇಟರ್ ಪಕ್ಕದ ಉಗ್ರಾಣಕ್ಕೆ ಇಳಿಯಬೇಕೆಂದು ಕುಲಪತಿಗಳ ಆಜ್ಞೆ. ಮೇಷ್ಟ್ರಿಗಿದ್ದ ಒಂದೇ ಐಶ್ವರ್ಯ ಮೇಲಂತಸ್ತಿನ ಆ ಕಿಟಕಿ. ಗಾಳಿ, ಬೆಳಕು, ಊಟವಾದ ಮೇಲಿನ ತೂಕಡಿಕೆ, ಎಲ್ಲವೂ ಅದರದೇ ಕೃಪೆ.

ಬೆಳಿಗ್ಗೆಯೇ ಒಬ್ಬ ಸಹೋದ್ಯೋಗಿ ವಕ್ಕರಿಸಿದರು. ಮದುವೆಮನೆಯ ಮುಯ್ಯಿಯ ಹಾಗೆ ಉಲ್ಲೇಖ ಕೊಟ್ಟು ಉಲ್ಲೇಖ ವಸೂಲು ಮಾಡುವ ಇವರಿಗೆ ಮುಯ್ಯಿ ಮಾಮ ಎಂದೇ ಹೆಸರು.

“ಸಾರ್, ನಿಮ್ಮ ಈರುಳ್ಳಿ ಒಳಗೆ ನನ್ನ ಬಂದರು ಸುಂಕದ ಲೇಖನ ಒಂಚೂರು ತುರುಕಿ.”

“ಈರುಳ್ಳಿಗೂ ಬಂದರಿಗೂ ಏನ್ರೀ ಸಂಬಂಧ?”

“ಈರುಳ್ಳಿ ಹಡಗಲ್ಲಿ ಹೋಗಲ್ವಾ?”

“ನೀವು ಬಸ್ಸಲ್ಲಿ ಬರ್ತೀರಿ. ಹಾಗಂತ ಬಸ್ಸಿನ ಮೇಲೆ ಬರೆದೋರೆಲ್ಲ ನಿಮ್ಮ ಹೆಸರು ಹಾಕ್ಬೇಕಾ?”

ಮಾಮ ಸುಟ್ಟ ಬದನೆಕಾಯಿಯಂಥ ಮುಖ ಮಾಡಿಕೊಂಡು ಹೋಗಿ, ವಿಭಾಗದ ಮುಖ್ಯಸ್ಥೆಯನ್ನೇ ಕರೆತಂದರು.

“ನಾಲ್ಕು ಹೆಸರು ಸಾರ್, ಎಲ್ಲಾ ನಮ್ಮೋರೇ. ಹಾಕಿ, ಕಿಟಕಿ ಉಳಿಸ್ಕೊಳ್ಳಿ.”

“ಓದಿದ್ದರ ಹೆಸರು ಹಾಕ್ತೀನಿ ಮೇಡಂ. ನಾನು ಓದದೇ ಇರೋರನ್ನೆಲ್ಲ ಸೇರಿಸೋಕೆ ಇದೇನು ಲಗ್ನಪತ್ರಿಕೇನಾ?”

“ನಿಮ್ಮನ್ನ ಯಾರು ಉಲ್ಲೇಖಿಸಿದ್ದಾರೆ, ಹೇಳಿ? ಹೋದ ವರ್ಷ ಈ ಎಣಿಕೆನೇ ಶುದ್ಧ ದಂಡ ಅಂತ ಒಂದು ಜಗಳದ ಲೇಖನ ಬರೆದ್ರಿ. ಅದನ್ನ ಓದಿದ್ದು ಅಚ್ಚು ತಿದ್ದಿದೋನು ಒಬ್ಬನೇ!”

“ಸೊನ್ನೆ ಬಂದ್ರೆ ಬರ್ಲಿ. ನನ್ನ ಸೊನ್ನೆ ನಂದು!”

ಮಧ್ಯಾಹ್ನ ಈರುಳ್ಳಿ ಯಾರ ಹೆಸರನ್ನೂ ಮೆತ್ತಿಕೊಳ್ಳದೆ ಹಾಗೆಯೇ ಏರಿತು. ಸುದ್ದಿ ತಿಳಿದದ್ದೇ ತಡ, ಮ್ಯಾನೇಜ್‌ಮೆಂಟ್ ವಿಭಾಗದ ಮುಖ್ಯಸ್ಥರು ಪರದೆ ಹೊಲಿಸಲೆಂದು ಟೇಪು ಹಿಡಿದು ಬಂದರು. ಮೇಷ್ಟ್ರು ಕಿಟಕಿಯ ಕಟ್ಟೆಯೇರಿ ಕೂತುಬಿಟ್ಟರು.

“ಸ್ವಲ್ಪ ಇಳೀರಿ ಸಾರ್. ಸಂಜೆಗೆ ಹೇಗಿದ್ರೂ ನಮ್ಮದೇ ಆಗೋದು.”

“ಹಾಗಾದ್ರೆ ನನ್ನನ್ನೂ ಸೇರಿಸಿ ಅಳೀರಿ!”

ಎಳೆದಾಟವಾಯಿತು. ಟೇಪು ಮೇಷ್ಟ್ರ ಕೈಗೆ ಬಂತು, ಅಲ್ಲಿಂದ ಕಿಟಕಿಯಾಚೆಗೆ ಹಾರಿತು. ಕೆಳಗಿನಿಂದ “ಯಾರದು?” ಎಂದು ಗುಡುಗು ಕೇಳಿಸಿತು. ಬಗ್ಗಿ ನೋಡಿದರೆ, ಸಾಕ್ಷಾತ್ ಕುಲಪತಿಗಳು! ಟೇಪು ಅವರ ಕೊರಳಲ್ಲಿ ಹಾರದ ಹಾಗೆ ಬಿದ್ದಿತ್ತು.

ಕುಲಪತಿಗಳು ಹಾರದ ಸಮೇತ ಮೆಟ್ಟಿಲು ಹತ್ತಿ ಬಂದರು. ಗಲಾಟೆ ನೋಡಲು ಬಂದಿದ್ದ ಮುಯ್ಯಿ ಮಾಮ ಮೆಲ್ಲಗೆ ಕಪಾಟಿನ ಮರೆಗೆ ಸರಿದರು.

“ಎಸೆದೋನು ನಾನೇ,” ಎಂದರು ಮೇಷ್ಟ್ರು. “ಏನು ಮಾಡ್ತೀರೋ ಮಾಡಿ.”

ಕುಲಪತಿಗಳು ಅವರನ್ನು ಬಾಚಿ ತಬ್ಬಿಕೊಂಡರು. “ಎಣಿಕೆ ಸಂಜೆಗೆ ಮೊದಲೇ ಬಂತು ಕಣ್ರೀ! ನಮ್ಮ ಅರ್ಥಶಾಸ್ತ್ರವೇ ಮೊದಲು. ಅದೂ ನಿಮ್ಮಿಂದ!”

“ಈರುಳ್ಳಿಯಿಂದಾನಾ?”

“ಈರುಳ್ಳಿ ಯಾರಿಗೆ ಬೇಕು! ಎಣಿಕೆ ದಂಡ ಅಂದ್ರಲ್ಲ, ಅದು. ಹೋದ ಸಲ ಹಿಂದೆ ಬಿದ್ದ ಬೇರೆ ವಿಶ್ವವಿದ್ಯಾಲಯದೋರೆಲ್ಲ ಪ್ರತಿಭಟಿಸಿ ಬರೀವಾಗ ನಿಮ್ಮ ಮಾತೇ ಎತ್ತಿದ್ದಾರೆ. ಎಣಿಸೋರು ನಿಮ್ಮನ್ನ ಬೈಯೋಕೆ ಎತ್ತಿದ್ದಾರೆ. ಎರಡೂ ಲೆಕ್ಕಕ್ಕೆ ಬಂತು.”

“ಇದು ಸುಳ್ಳು ಲೆಕ್ಕ! ನಾನು ಒಪ್ಪಲ್ಲ!”

“ಈ ಕೆಚ್ಚೇ ನಮಗೆ ಬೇಕು. ಇವತ್ತಿಂದ ಹೊಸ ಉಲ್ಲೇಖ ಎಣಿಕೆ ಘಟಕಕ್ಕೆ ನೀವೇ ನಿರ್ದೇಶಕರು.”

“ಒಲ್ಲೆ ಅಂದ್ರೆ?”

“ವಿಭಾಗಾನೂ ನಿಮ್ಮ ಹಿಂದೆ ಕೆಳಗಿಳಿಯುತ್ತೆ.”

“ಕೆಳಗೆ? ಘಟಕ ಇರೋದೆಲ್ಲಿ ಸಾರ್?”

ಕುಲಪತಿಗಳು ಕೊರಳಿನ ಟೇಪು ತೆಗೆದು ಮೇಷ್ಟ್ರಿಗೇ ಹಾಕಿದರು. “ಜನರೇಟರ್ ಪಕ್ಕ. ಹೋಗಿ ಅಳತೆ ನೋಡ್ಕೊಳ್ಳಿ.”

ಮೇಷ್ಟ್ರು ತಮ್ಮ ಕುರ್ಚಿಯನ್ನು ತಾವೇ ಹೊತ್ತು ಇಳಿದರು. ಉಗ್ರಾಣದಲ್ಲಿ ಕಿಟಕಿಯಿರಲಿ, ಇಲಿ ಬರಲೂ ಕಿಂಡಿ ಇರಲಿಲ್ಲ. ಜನರೇಟರ್ ಕಿವಿ ಹರಿಯುವಂತೆ ಬೊಬ್ಬೆಯಿಡುತ್ತಿತ್ತು. ಆದರೂ ಬಗ್ಗಲಿಲ್ಲ. ಕೂತವರೇ ಹೊಸ ಲೇಖನಕ್ಕೆ ಕೈಹಾಕಿದರು. ಮೊದಲ ಸಾಲು: “ನನ್ನ ಮಾತನ್ನು ಇನ್ನು ಮುಂದೆ ಯಾರೂ, ಯಾವ ಕಾರಣಕ್ಕೂ ಉಲ್ಲೇಖಿಸಕೂಡದು.”

ಹೆಗಲ ಹಿಂದಿನಿಂದ ಒಂದು ತಲೆ ಇಣುಕಿತು. ಮುಯ್ಯಿ ಮಾಮ.

“ಸಾರ್, ಸಾಲು ಭಾರಿ ಚೆನ್ನಾಗಿದೆ! ನನ್ನ ಬಂದರಿನ ಲೇಖನದಲ್ಲಿ ಉಲ್ಲೇಖಿಸಲಾ?”