ಗುಬ್ಬಚ್ಚಿ ಒಪ್ಪಬೇಕು

ಮಣ್ಣಿಗೆ ಕೈ ಹಾಕಿದವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಗಿಂಡಿ ಬಡಾವಣೆಯ ಕಾರ್ಖಾನೆಯಲ್ಲಿ ಲೇತ್ ಮೇಲೆ ಕಬ್ಬಿಣ ತಿರುಗಿಸುತ್ತಿದ್ದಾಗ ಯಾರೂ ನಗುತ್ತಿರಲಿಲ್ಲ. ನಿವೃತ್ತನಾದ ಮೇಲೆ ಪೋರೂರಿನ ಮನೆಯ ಹಿಂದೆ ಶೆಡ್ ಹಾಕಿ, ಕುಂಬಾರನ ತಿಗರಿ ತಿರುಗಿಸತೊಡಗಿದೆ. ಮಡಕೆ ಸುಡುವ ಆವಿಗೆಯನ್ನೂ ನಾನೇ ಕಟ್ಟಿದೆ. ಅಂದಿನಿಂದ ನಗು ನಿಂತಿಲ್ಲ.

ಹೆಚ್ಚಾಗಿ ಮಾಡುವುದು ಗುಬ್ಬಚ್ಚಿ ಮಡಕೆ. ಗೋಡೆಗೆ ತೂಗುಹಾಕುವಂಥದ್ದು, ಪಕ್ಕದಲ್ಲಿ ತೂತು. ನಮ್ಮ ಬೀದಿಯ ಹೆಂಚಿನ ಮನೆಗಳು ಹೋದವು, ಗುಬ್ಬಚ್ಚಿಗಳೂ ಹೋದವು. ಅವನ್ನು ವಾಪಸ್ ಕರೆಸಬೇಕೆಂಬುದು ನನ್ನ ಹಟ. ಶೆಡ್ಡಿನಲ್ಲಿ ಬಟ್ಟೆ ಒಣಗಿಸಬೇಕೆಂಬುದು ಹೆಂಡತಿಯ ಹಟ.

“ಯುಗಾದಿಯೊಳಗೆ ನೀವು ಮಾಡಿದ್ದರಲ್ಲಿ ಒಂದು ಹಕ್ಕಿಯಾದ್ರೂ ಸಂಸಾರ ಹೂಡಬೇಕು. ಇಲ್ಲಾಂದ್ರೆ ಶೆಡ್ ನಂದು,” ಅಂದಳು.

“ಸರಿ,” ಅಂದೆ.

ಅವಸರದ ಗಣಪತಿ

ಎದುರುಮನೆ ಯಜಮಾನರು ಶಿವಭಕ್ತರು, ನಮ್ಮ ಮೈಸೂರು ಕಡೆಯವರು. ಕೆರೆಗೆ ಬಣ್ಣದ ಗಣಪತಿ ಬಿಡಬೇಡಿ ಎಂದು ಹೇಳಿ, ಸುಡದ ಹಸಿಮಣ್ಣಿನದು ಮಾಡಿಕೊಟ್ಟೆ. ಬಕೆಟ್ ನೀರಲ್ಲಿ ಬಿಟ್ಟರೆ ಸಾಕು, ಕರಗುತ್ತದೆ.

ಹಬ್ಬದ ಬೆಳಿಗ್ಗೆ ಫೋನ್ ಬಂತು. “ಸ್ವಾಮಿ, ಸೊಂಡಿಲು ಹೋಯ್ತು!”

“ಏನು ಮಾಡಿದಿರಿ?”

“ಪಂಚಾಮೃತ ಅಭಿಷೇಕ. ನಮ್ಮ ಮನೇಲಿ ಅಭಿಷೇಕ ಇಲ್ಲದೆ ಪೂಜೆ ಉಂಟೇ? ಅಯ್ಯೋ, ಈಗ ಹೊಟ್ಟೆ ಜಾರ್ತಿದೆ!”

“ಬಕೆಟ್ ಇಡಿ.”

“ಇನ್ನೂ ಮಂಗಳಾರತಿ ಆಗಿಲ್ಲ ಸ್ವಾಮಿ!”

“ಬೇಗ ಮಾಡಿ. ಗಣಪತಿಗೆ ಅವಸರ.”

ಒಂದೇ ಥರದ ಕಾಫಿ

ಬೀದಿ ತುದಿಯ ಹೋಟೆಲ್ ಮಾಲೀಕರು ಉಡುಪಿ ಕಡೆಯವರು. ಪ್ಲಾಸ್ಟಿಕ್ ಲೋಟ ಬಿಡುತ್ತೇನೆಂದು ನನ್ನಿಂದ ಮಣ್ಣಿನ ಕಾಫಿ ಲೋಟ ಮಾಡಿಸಿದರು. ಕೈಯಲ್ಲಿ ಮಾಡಿದ್ದು, ಒಂದು ತುಸು ದಪ್ಪ, ಒಂದು ತುಸು ಎತ್ತರ.

ಮರುದಿನವೇ ಕರೆಸಿದರು. ಗಿರಾಕಿಗಳು ಲೋಟ ಪಕ್ಕಪಕ್ಕ ಇಟ್ಟು ಜಗಳಕ್ಕೆ ನಿಂತಿದ್ದರು. “ಅವರದು ದೊಡ್ಡದು, ನನ್ನದು ಚಿಕ್ಕದು, ಏನ್ ಸಾರ್ ಇದು?”

“ಪ್ರಕೃತಿಯಲ್ಲಿ ಎರಡು ಎಲೆ ಒಂದೇ ಥರ ಇರುವುದಿಲ್ಲ,” ಅಂದೆ.

“ಎಲೆ ಹೇಗಾದ್ರೂ ಇರಲಿ ಮಾರಾಯ್ರೆ,” ಅಂದರು ಮಾಲೀಕರು, “ಕಾಫಿ ಒಂದೇ ಥರ ಇರಬೇಕು.”

ಗಾಜಿನ ಕಿಟಕಿ

ಶೋಳಿಂಗನಲ್ಲೂರಿನ ಒಂದು ಕಂಪನಿಯವರು ಪರಿಸರ ಕಾಳಜಿ ಎಂದು ಗುಬ್ಬಚ್ಚಿ ಮಡಕೆಗಳನ್ನು ಕೊಂಡರು. ಒಂದರಲ್ಲಾದರೂ ಹಕ್ಕಿ ಸೇರಿದರೆ ನನ್ನ ಶೆಡ್ ಉಳಿಯಿತು. ಆಸೆಯಿಂದ ನೋಡಲು ಹೋದೆ. ಏಳನೇ ಮಹಡಿ, ಏಸಿ ಹಾಲ್, ಮಡಕೆಗಳು ಸಾಲಾಗಿ ತೂಗುತ್ತಿದ್ದವು.

ಮ್ಯಾನೇಜರಮ್ಮ ಕೇಳಿದರು, “ಬರ್ಡ್ಸ್ ಯಾವಾಗ ಬರುತ್ತೆ ಅಂಕಲ್?”

“ಕಿಟಕಿ ತೆಗೆದರೆ.”

“ಅದು ತೆಗೆಯೋಕೆ ಆಗಲ್ಲ. ಗಾಜು ಫಿಕ್ಸ್.”

“ಹಾಗಾದರೆ ಗುಬ್ಬಚ್ಚಿಗೆ ಐಡಿ ಕಾರ್ಡ್ ಕೊಡಿ. ಲಿಫ್ಟಲ್ಲಿ ಬರಲಿ.”

ಯುಗಾದಿ

ಮನೆಯ ಗೋಡೆಯ ಮಡಕೆಗಳಿಗೂ ಹಕ್ಕಿ ಬರಲಿಲ್ಲ. ಒಂದರಲ್ಲಿ ಹಲ್ಲಿ ಸೇರಿತು.

“ಹಲ್ಲಿ ಲೆಕ್ಕಕ್ಕಿಲ್ಲ,” ಅಂದಳು ಹೆಂಡತಿ.

ನಾನು ಬಿಡಲಿಲ್ಲ. ತೂತು ಚಿಕ್ಕದು ಮಾಡಿದೆ. ಒಳಗೆ ಹುಲ್ಲಿಟ್ಟೆ. ನಡುವೆ ಜ್ವರ ಬಂದು ಮಲಗಿದೆ, ಆವಿಗೆ ತಣ್ಣಗಾಯಿತು. ಎದ್ದಾಗ ಯುಗಾದಿ ಬಾಗಿಲಲ್ಲಿತ್ತು. ಆವಿಗೆಗೆ ಸೌದೆ ತುಂಬಲು ಹೊರಟೆ. ಅವಳು ಬಟ್ಟೆ ಹಗ್ಗ ಹಿಡಿದು ಅಳತೆಗೆ ಬಂದಳು.

“ರೀ, ನಿಲ್ಲಿ!” ಎಂದು ಕೂಗಿದಳು.

ಗುಬ್ಬಚ್ಚಿಯೊಂದು ಕಡ್ಡಿ ಕಚ್ಚಿಕೊಂಡು ಆವಿಗೆಯ ಹೊಗೆಕಿಂಡಿಯೊಳಗೆ ನುಗ್ಗಿತು. ಬಗ್ಗಿ ನೋಡಿದೆ. ಗೂಡು. ಮೊಟ್ಟೆಗಳು.

“ಇದು ಮಡಕೆ ಅಲ್ಲ,” ಅಂದಳು.

“ನಾನು ಮಾಡಿದ್ದರಲ್ಲಿ ಅಂತ ಮಾತಾಗಿತ್ತು. ಆವಿಗೆ ಕಟ್ಟಿದ್ದು ನಾನು.”

ಅವಳು ಹಗ್ಗ ಸುತ್ತಿಕೊಂಡಳು. “ಸರಿ, ಶೆಡ್ ನಿಮ್ಮದೇ. ಆದ್ರೆ ಮರಿಗಳು ಹೊರಬಂದು ಹಾರೋ ತನಕ ಬೆಂಕಿ ಹಚ್ಚಿದ್ರೆ ನೋಡಿ!”

“ಹಚ್ಚಲ್ಲ.”

“ನಾನು ಬಟ್ಟೆ ಒಣಗಿಸೋ ಹಾಗಿಲ್ಲ, ನೀವು ಮಡಕೆ ಸುಡೋ ಹಾಗಿಲ್ಲ. ಹಾಗಾದ್ರೆ ಗೆದ್ದಿದ್ದು ಯಾರು?”

“ಗುಬ್ಬಚ್ಚಿ.”

ತಿಗರಿ ಮಾತ್ರ ನಾನು ನಿಲ್ಲಿಸಲಿಲ್ಲ. ಶೆಡ್ ತುಂಬಿತು. ಸುಡಲಾಗದ ಹಸಿ ಮಡಕೆಗಳು ಅಡುಗೆಮನೆ ದಾಟಿ, ಸೋಫಾ ಹತ್ತಿ, ಮಂಚದ ಮೇಲೆ ಅವಳ ಜಾಗಕ್ಕೂ ಬಂದವು.

ನಿನ್ನೆ ಅವಳೇ ಶೆಡ್ಡಿಗೆ ಹೋಗಿ, ಹೊಗೆಕಿಂಡಿಯ ಮುಂದೆ ಕೈಮುಗಿದು ನಿಂತಿದ್ದಳು.

“ತಾಯಿ, ಮಕ್ಕಳಿಗೆ ಬೇಗ ಹಾರೋದು ಕಲಿಸಮ್ಮ. ನಂಗೆ ಮಲಗೋಕೆ ಜಾಗ ಇಲ್ಲ.”