ಕೊಂಬಿನ ಗೊಬ್ಬರವೂ ನಮ್ಮ ಚೆಲುವಿಯೂ

ಮಣ್ಣಿಗೆ ಒಳ್ಳೆಯದು ಮಾಡುತ್ತೇನೆ ಎಂದು ಹೊರಟವನಿಗೆ ಒಂದಲ್ಲ ಒಂದು ಫಜೀತಿ ಕಾದೇ ಇರುತ್ತದೆ. ನನಗಂತೂ ಸಾಲುಗಟ್ಟಿ ನಿಂತು ಕಾದಿದ್ದವು. ತೊಂಬತ್ತರ ದಶಕದ ಕೊನೆಯಲ್ಲಿ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದು, ನಜರ್‌ಬಾದಿನ ನಮ್ಮ ಮನೆಯ ಹಿತ್ತಲಲ್ಲಿ ಏನಾದರೂ ಬೆಳೆಯೋಣವೆಂದು ಯೋಚಿಸುತ್ತಿದ್ದೆ. ಆಗ ಗೆಳೆಯನೊಬ್ಬ ಮೂರು ದಿನದ ಬಯೋಡೈನಮಿಕ್ ಕೃಷಿ ಶಿಬಿರಕ್ಕೆ ಎಳೆದುಕೊಂಡು ಹೋದ. ಚಂದ್ರನ ನಡೆ ನೋಡಿ ಬಿತ್ತುವುದು, ಹಸುವಿನ ಕೊಂಬಿನಲ್ಲಿ ಗೊಬ್ಬರ ಮಾಡುವುದು, ಇಂಥದ್ದೆಲ್ಲ ಅಲ್ಲಿ ಕಲಿಸಿದರು. ಮೂರನೆಯ ದಿನ ಮನೆಗೆ ಬಂದವನನ್ನು ನೋಡಿ ಹೆಂಡತಿ, “ಇವರಿಗೆ ಯಾರೋ ಏನೋ ಮಾಡ್ಬುಟ್ಟವ್ರೆ” ಅಂದಳು.

ಈ ಪ್ರಸಂಗಗಳನ್ನು ಹೇಳಿದಾಗಲೆಲ್ಲ ಜನ ನಗುತ್ತಾರೆ. ನಾನೂ ಜೊತೆಗೆ ನಗುತ್ತೇನೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದರ ನಡುವೆ ನಮ್ಮ ಹಸು ಚೆಲುವಿ ಸತ್ತಳು, ಅದಕ್ಕೆ ಕಾರಣ ನಾನು. ಅವಳನ್ನು ಹೆಂಡತಿ ಕರುವಾಗಿದ್ದಾಗಲೇ ತವರಿಂದ ತಂದು ಸಾಕಿದ್ದಳು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಅವಳು ದಿನವಿಡೀ ಮಾತಾಡುತ್ತಿದ್ದದ್ದು ಚೆಲುವಿಯ ಜೊತೆಗೇ. ನನ್ನ ಜೊತೆ ಮಾತಾಡುತ್ತಿದ್ದದ್ದು ಸಾಮಾನಿನ ಪಟ್ಟಿ ಕೊಡುವಾಗ ಮಾತ್ರ.

ಮೂಳೆ ವ್ಯಾಪಾರಿಯ ಪ್ರಶ್ನೆ

ಶಿಬಿರದ ಮೇಷ್ಟ್ರು ಹೇಳಿಕೊಟ್ಟ ಮೊದಲ ಪಾಠ ಕೊಂಬಿನ ಗೊಬ್ಬರ. ಸತ್ತ ಹಸುವಿನ ಕೊಂಬಿಗೆ, ಹಾಲು ಕರೆಯುವ ಹಸುವಿನ ಸಗಣಿ ತುಂಬಬೇಕು. ನವರಾತ್ರಿಯ ಹೊತ್ತಿಗೆ ನೆಲದಲ್ಲಿ ಹೂತು ಯುಗಾದಿಯ ಹೊತ್ತಿಗೆ ತೆಗೆಯಬೇಕು. ಅಷ್ಟರಲ್ಲಿ ಸಗಣಿ ವಾಸನೆಯಿಲ್ಲದೆ ಕಾಫಿಪುಡಿಯ ಹಾಗೆ ಕಪ್ಪಗಾಗಿರುತ್ತದೆ. ಅದರಲ್ಲಿ ಒಂದು ಚಿಟಿಕೆ ನೀರಿಗೆ ಹಾಕಿ ಚಿಮುಕಿಸಿದರೆ ಮಣ್ಣು ಎದ್ದು ಕೂರುತ್ತದಂತೆ. ಎತ್ತಿನ ಕೊಂಬು ನಡೆಯುವುದಿಲ್ಲ. ಕರು ಹಾಕಿದ ಹಸುವಿನದೇ ಆಗಬೇಕು. ಒಂದೊಂದು ಕರುವಿಗೂ ಕೊಂಬಿನ ಬುಡದಲ್ಲಿ ಒಂದೊಂದು ಉಂಗುರ ಮೂಡಿರುತ್ತದೆ, ಎಣಿಸಿ ನೋಡಿ ತನ್ನಿ ಎಂದಿದ್ದರು.

ಎದೆಯ ಮೇಲೆ ಲಿಂಗ, ಹಣೆಯ ತುಂಬ ವಿಭೂತಿ. ಇಷ್ಟನ್ನೂ ಹೊತ್ತುಕೊಂಡು ಊರಾಚೆಯ ಮೂಳೆ ವ್ಯಾಪಾರಿಯ ಶೆಡ್ಡಿಗೆ ಹೋದೆ. ನಾನು ಬಂದದ್ದು ನೋಡಿ ಆ ಮುದುಕ ದಡಬಡಿಸಿ ಎದ್ದು ನಿಂತ. ದೇವಸ್ಥಾನದ ಚಂದಾ ಕೇಳಲು ಬಂದಿರಬೇಕು ಅಂದುಕೊಂಡನಂತೆ. ಕೊಂಬು ಬೇಕು ಅಂದೆ. ರಾಶಿ ತೋರಿಸಿದ. ನಾನು ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೇ ಎತ್ತಿ, ಕನ್ನಡಕ ಮೇಲೇರಿಸಿ ಉಂಗುರ ಎಣಿಸತೊಡಗಿದೆ. “ಇದು ಬೇಡ, ಇದಕ್ಕೆ ಒಂದೇ ಹೆರಿಗೆ. ಇದು ಎತ್ತಿಂದು. ಇದು ಪರವಾಗಿಲ್ಲ, ನಾಲ್ಕು ಹೆತ್ತಿದೆ.”

ಮುದುಕ ನಾನು ಆರಿಸಿಟ್ಟ ಕೊಂಬುಗಳನ್ನು ಚೀಲಕ್ಕೆ ತುಂಬಿಕೊಟ್ಟ. ಆಮೇಲೆ ಅಂದ: “ಸ್ವಾಮಿ, ನಲವತ್ತು ವರ್ಷದಿಂದ ಇಲ್ಲಿ ಕೂತಿದ್ದೀನಿ. ಬದುಕಿದ್ದಾಗ ಅದನ್ನ ಯಾರೂ ವಿಚಾರಿಸ್ಲಿಲ್ಲ. ಸತ್ತ ಮೇಲೆ ಬಾಣಂತನ ವಿಚಾರಿಸ್ಕೊಳಾಕೆ ಬಂದಿರೋರು ನೀವೊಬ್ರೇಯ.”

ಹಿತ್ತಲಿನ ಗುಂಡಿ

ಕೊಂಬು ಹೂಳುವುದನ್ನು ಕದ್ದು ಮುಚ್ಚಿ ಮಾಡಲಿಲ್ಲ. ಹಾಡಹಗಲಲ್ಲಿ ಮಾಡಿದೆ, ಅದೇ ತಪ್ಪಾಯಿತು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದಾಗ ನಾನು ಸೊಂಟದಾಳದ ಗುಂಡಿಯಲ್ಲಿ ನಿಂತು, ಕೊಂಬುಗಳನ್ನು ಸುತ್ತಲೂ ಜೋಡಿಸುತ್ತಿದ್ದೆ. “ಏನ್ರೀ ಅದು?” ಅಂದರು. “ಕೊಂಬು. ಆರು ತಿಂಗಳು ಬಿಟ್ಟು ಫಲ ಗೊತ್ತಾಗುತ್ತೆ” ಅಂದೆ. ಅವರು ಒಳಗೆ ಹೋಗಿ ಕಿಟಕಿ ಹಾಕಿಕೊಂಡರು.

ಮರುದಿನ ನಮ್ಮ ಗುಂಡಿಯ ಮೇಲೆ ಕುಂಕುಮ ಸವರಿದ ನಿಂಬೆಹಣ್ಣು ಬಿದ್ದಿತ್ತು. ನಾನು ಅದನ್ನೂ ಪಕ್ಕದ ಇನ್ನೊಂದು ಗುಂಡಿಯ ಗೊಬ್ಬರದ ರಾಶಿಗೆ ಹಾಕಿದೆ.

ಆ ಪಕ್ಕದ ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ನಾನು ಕೊಂಬು ಹೂತ ಎಂಟನೆಯ ದಿನಕ್ಕೆ ತೀರಿಕೊಂಡರು. ನೋಡಲು ಹೋದರೆ ಜಗಲಿಯ ಮೇಲೆ ಕೂತಿದ್ದವರೆಲ್ಲ ಒಮ್ಮೆಲೇ ಸರಿದು ನನಗೆ ಅರ್ಧ ಜಗಲಿ ಬಿಟ್ಟುಕೊಟ್ಟರು. ಅಜ್ಜಿ ನನಗೆ ಚಿಕ್ಕಂದಿನಲ್ಲಿ ಕೋಡುಬಳೆ ಕೊಡುತ್ತಿದ್ದವರು. ನನಗೆ ನಿಜವಾಗಿ ಅಳು ಬಂತು. ಅತ್ತದ್ದು ಇನ್ನೂ ಕೆಟ್ಟದಾಯಿತು, ಪಶ್ಚಾತ್ತಾಪ ಅಂದುಕೊಂಡರು.

ಹದಿನೈದು ದಿನ ರಸ್ತೆಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಹದಿನಾರನೆಯ ದಿನ ಎದುರು ಸಾಲಿನ ಮನೆಯವರೊಬ್ಬರು ಬಂದು, ಚಪ್ಪಲಿ ಬಿಟ್ಟು, ಬಾಗಿಲು ಅರ್ಧ ಹಾಕಿ, ನನ್ನ ಹತ್ತಿರ ಕೂತರು. “ನಮ್ಮ ಮಾವನೋರು ತುಂಬಾ ನರಳ್ತಾವ್ರೆ ಸಾರ್. ನೋಡೋಕಾಗಲ್ಲ. ನಿಮ್ಮ ಹತ್ರ ಇನ್ನೊಂದು ಕೊಂಬು ಏನಾದ್ರೂ ಉಳಿದಿದ್ರೆ...”

ಚೆಲುವಿಯ ಪಾಲು

ಗೊಬ್ಬರದ ರಾಶಿಗೆ ಹಸಿರು ಬೇಕು. ಹಿತ್ತಲಲ್ಲಿ ಹಸಿರು ಅಂದರೆ ಚೆಲುವಿಗೆಂದು ಬೆಳೆಸಿದ್ದ ಹುಲ್ಲು. ಅದನ್ನು ಕೊಯ್ದು ರಾಶಿಗೆ ಹಾಕಿ, ಆ ಜಾಗದಲ್ಲಿ ಹುರುಳಿಕಾಯಿ ಮತ್ತು ಮೂಲಂಗಿ ಹಾಕಿದೆ. ಆಮೇಲೆ ಅಡಿಗೆಮನೆಯ ಸಿಪ್ಪೆ, ಸೊಪ್ಪಿನ ದಂಟು, ಬಾಳೆಕಾಯಿ ಸಿಪ್ಪೆ ಎಲ್ಲವೂ ರಾಶಿಗೆ ಹೋಯಿತು. ಕೊನೆಗೆ ಅಕ್ಕಿ ತೊಳೆದ ಕಲಗಚ್ಚು ಕೂಡ. ಚೆಲುವಿಗೆ ಉಳಿದದ್ದು ಒಣ ಹುಲ್ಲು ಮಾತ್ರ. ಬೆಳಿಗ್ಗೆ ಹಾಲು ಕರೆದ ಮೇಲೆ ಅವಳನ್ನು ಬೀದಿಗೆ ಬಿಡತೊಡಗಿದೆ. ಊರಲ್ಲಿ ಎಷ್ಟೊಂದು ಹಸು ತಿರುಗುವುದಿಲ್ಲವೇ, ಇವಳೂ ನಾಲ್ಕು ಹೆಜ್ಜೆ ಓಡಾಡಿಕೊಂಡು ಬರಲಿ ಅಂದುಕೊಂಡೆ.

ಹೆಂಡತಿ ಬಕೆಟ್ಟು ಹಿಡಿದು ಅಡ್ಡ ನಿಂತಳು. “ಬಾಯಿರೋ ಹಸುಗೆ ಹಾಕೋದನ್ನ ಬಾಯಿಲ್ದಿರೋ ಗುಂಡಿಗೆ ಹಾಕ್ತಿದ್ದೀರಲ್ರೀ.”

ನಾನು ಮೇಷ್ಟ್ರ ಮಾತನ್ನೇ ಒಪ್ಪಿಸಿದೆ. “ಗೊಬ್ಬರದ ರಾಶಿ ಅಂದ್ರೆ ಭೂಮಿತಾಯಿಯ ಹೊಟ್ಟೆ ಕಣೇ. ಅದು ಹಸುವಿನ ಹಾಗೇ ಮೆಲುಕು ಹಾಕುತ್ತೆ, ಅರಗಿಸ್ಕೊಳ್ಳುತ್ತೆ. ಎರಡಕ್ಕೂ ವ್ಯತ್ಯಾಸ ಇಲ್ಲ.”

ಅವಳು ಬಕೆಟ್ಟು ಕೆಳಗಿಟ್ಟಳು. ಒಳಗೆ ಹೋಗಿ ಹಾಲಿನ ಚೊಂಬು ತಂದು ನನ್ನ ಕೈಗೆ ಕೊಟ್ಟು ಹೇಳಿದಳು: “ಹಂಗಾದ್ರೆ ಸಂಜೆ ಕಾಫಿಗೆ ಹಾಲು ಗುಂಡೀಲೇ ಕರ್ಕೊಂಡು ಬನ್ನಿ.”

ಕಲಕುವ ಕೆಲಸ

ಯುಗಾದಿ ಕಳೆದು ಕೊಂಬು ತೆಗೆದೆ. ಮೇಷ್ಟ್ರು ಹೇಳಿದ ಹಾಗೇ ಒಳಗೆ ಕಾಫಿಪುಡಿ. ನನಗೆ ಕೆಲಸ ಖಾಯಂ ಆದ ದಿನದಷ್ಟು ಸಂತೋಷವಾಯಿತು. ಇನ್ನು ಅದನ್ನು ಡ್ರಮ್ಮಿನ ನೀರಿಗೆ ಹಾಕಿ ಒಂದು ಗಂಟೆ ಕೋಲಿನಿಂದ ಕಲಕಬೇಕು. ಸುಳಿ ಏಳುವವರೆಗೆ ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ. ನಡುವೆ ನಿಲ್ಲಿಸುವ ಹಾಗಿಲ್ಲ.

ಚೆಲುವಿ ಆ ಹೊತ್ತಿಗಾಗಲೇ ಸರಿಯಾಗಿ ಮೇವು ಮುಟ್ಟುತ್ತಿರಲಿಲ್ಲ. ಹಾಲು ಇಳಿದಿತ್ತು. ಹೊಟ್ಟೆಯ ಎಡಭಾಗ ಉಬ್ಬಿತ್ತು. ಹೆಂಡತಿ ಡಾಕ್ಟರನ್ನು ಕರೆಸಿ ಅಂದಳು. ನಾನು ಬಯೋಡೈನಮಿಕ್ ಪಂಚಾಂಗ ತೆಗೆದು ನೋಡಿದೆ. ಚಂದ್ರ ರಾಹುವಿನ ಹತ್ತಿರ ಇದ್ದ. ಇಂಥ ದಿನಗಳಲ್ಲಿ ಬೀಜ ಬಿತ್ತಬಾರದು, ಗಿಡ ಮಂಕಾಗುತ್ತದೆ ಎಂದು ಬರೆದಿತ್ತು. ಗಿಡವೇ ಮಂಕಾದರೆ ಹಸು ಮಂಕಾಗುವುದರಲ್ಲಿ ಆಶ್ಚರ್ಯವೇನು, ಚಂದ್ರ ದಾಟಲಿ ಅಂದೆ. ನಾಲ್ಕು ದಿನ ಕಾದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಐದನೆಯ ದಿನ ಮಧ್ಯಾಹ್ನ ನಾನು ಕಲಕುತ್ತಿದ್ದಾಗ ಚೆಲುವಿ ಕೊಟ್ಟಿಗೆಯಲ್ಲಿ ಮಲಗಿದವಳು ಏಳಲಿಲ್ಲ. ಹೆಂಡತಿ ಕೂಗಿದಳು. “ಇನ್ನು ಇಪ್ಪತ್ತು ನಿಮಿಷ!” ಅಂತ ನಾನೂ ಕೂಗಿದೆ. ಅವಳು ಸೆರಗು ಸಿಕ್ಕಿಸಿಕೊಂಡು ತಾನೇ ಬೀದಿಗೆ ಓಡಿ, ಆಟೋದಲ್ಲಿ ಡಾಕ್ಟರನ್ನು ಕೂರಿಸಿಕೊಂಡು ಬಂದಳು.

ಡಾಕ್ಟರು ಚೆಲುವಿಯ ಹೊಟ್ಟೆ ಒತ್ತಿ ನೋಡಿದರು, ಕಣ್ಣು ಬಿಡಿಸಿ ನೋಡಿದರು. ಆಮೇಲೆ ಹಿತ್ತಲಿಗೆ ಬಂದು ನನ್ನ ಡ್ರಮ್ಮಿಗೆ ಬಗ್ಗಿದರು. “ಇದೇನು, ಹಸುಗೆ ಕುಡಿಸೋ ಔಷಧಿನಾ?”

“ಅಲ್ಲ ಸಾರ್, ಮಣ್ಣಿಗೆ.”

ಅವರು ಮೂಲಂಗಿಯ ಮಡಿಯನ್ನೊಮ್ಮೆ ನೋಡಿದರು. “ಮಣ್ಣಿಗೇನೂ ಆಗಿಲ್ಲ. ಅದರ ಆರೋಗ್ಯ ಚೆನ್ನಾಗಿದೆ. ನೀವು ಕೋಲು ಬಿಟ್ಟು ಬಂದು ಹಗ್ಗ ಹಿಡ್ಕೊಳ್ಳಿ.”

ಮದುವೆಯ ಕವರ್

ಹೊಟ್ಟೆ ಕೊಯ್ಯಬೇಕು ಅಂದರು ಡಾಕ್ಟರು. ಮರುದಿನ ಹಿತ್ತಲಲ್ಲೇ, ನನ್ನ ಹುರುಳಿಕಾಯಿ ಸಾಲಿನ ಪಕ್ಕ, ಚೆಲುವಿಯನ್ನು ಹೇಗೋ ಎಬ್ಬಿಸಿ ನಿಲ್ಲಿಸಿ, ಎಡಪಕ್ಕೆ ಮರಗಟ್ಟುವ ಸೂಜಿ ಕೊಟ್ಟರು. ಹೆಂಡತಿ ಅವಳ ತಲೆಯನ್ನು ತಬ್ಬಿಕೊಂಡು ಕಿವಿಯಲ್ಲಿ ಏನೋ ಹೇಳುತ್ತಾ ನಿಂತಳು. ನಾನು ಹಗ್ಗ ಹಿಡಿದಿದ್ದೆ. ಮಾಟದ ಭಯ ಮರೆತು ಅಕ್ಕಪಕ್ಕದವರೆಲ್ಲ ಕಾಂಪೌಂಡಿನ ಮೇಲೆ ತಲೆಯಿಟ್ಟಿದ್ದರು.

ಡಾಕ್ಟರು ಭುಜದವರೆಗೆ ಕೈ ಹಾಕಿ ಎಳೆದರು. ಪ್ಲಾಸ್ಟಿಕ್ ಕವರ್ ಬಂತು. ಅದರ ಹಿಂದೆ ಇನ್ನೊಂದು, ಅದಕ್ಕೆ ಸುತ್ತಿಕೊಂಡು ಹಗ್ಗ, ಸೀರೆ ಅಂಗಡಿಯ ಚೀಲ. ನಾವು ಪೇಟೆ ಹಾಲು ಬೇಡವೆಂದು ಹಸು ಸಾಕಿದವರು. ಅವಳ ಹೊಟ್ಟೆಯಿಂದ ಬಂದ ಹಾಲಿನ ಪ್ಯಾಕೆಟ್ಟುಗಳಿಗೆ ಲೆಕ್ಕವಿರಲಿಲ್ಲ. ಒಂದು ಕವರ್ ಬಾಯಿ ಕಟ್ಟಿದ ಹಾಗೇ ಬಂತು. ಡಾಕ್ಟರು ಹರಿದರು. ಒಳಗೆ ಯಾರದೋ ಮನೆಯ ಬಾಳೆಕಾಯಿ ಸಿಪ್ಪೆ ಕೊಳೆತು ಕಪ್ಪಾಗಿತ್ತು. ನಮ್ಮ ಮನೆಯ ಸಿಪ್ಪೆಯನ್ನು ನಾನು ಗುಂಡಿಗೆ ಹಾಕಿದ್ದೆ. ಚೆಲುವಿ ಬೀದಿಯ ತೊಟ್ಟಿಗೆ ಹೋಗಿ, ಊರವರ ಸಿಪ್ಪೆಯನ್ನು ಗಂಟಿನ ಸಮೇತ ನುಂಗಿದ್ದಳು. ಅವಳಿಗೆ ಗಂಟು ಬಿಚ್ಚಲು ಬರುವುದಿಲ್ಲವಲ್ಲ. ಹೆಂಡತಿ ನನ್ನ ಕಡೆ ನೋಡಲಿಲ್ಲ.

ಎರಡು ಬಕೆಟ್ಟು ತುಂಬಿ ಮೂರನೆಯದಕ್ಕೆ ಬಂದಾಗ ಡಾಕ್ಟರು ಕೆಂಪು ಕವರೊಂದನ್ನು ಎಳೆದು ಕೊಡವಿದರು. ಅದು ಮದುವೆಯಲ್ಲಿ ತೆಂಗಿನಕಾಯಿ, ಎಲೆಅಡಿಕೆ ಹಾಕಿ ಕೊಡುವ ತಾಂಬೂಲದ ಕವರ್. ಮೇಲೆ ಗಣಪತಿ, ಕೆಳಗೆ ಹುಡುಗ ಹುಡುಗಿಯ ಹೆಸರು.

ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯಾಕೆಯ ದನಿ ಕೇಳಿತು: “ಅಯ್ಯೋ, ನಮ್ಮ ಹುಡುಗಿ ಮದುವೆ ಕವರು ಕಣ್ರೀ! ಎರಡು ವರ್ಷ ಆಯ್ತು, ನೋಡಿ, ಅಚ್ಚು ಒಂಚೂರೂ ಅಳಿಸಿಲ್ಲ!”

ಮಾತಾಡಿಸಲು ಬಂದವರು

ಹೊಟ್ಟೆ ಹಗುರವಾಯಿತು, ಆದರೆ ತಡವಾಗಿತ್ತು. ಎರಡು ದಿನ ಕಳೆದು ಬೆಳಿಗ್ಗೆ ಡಾಕ್ಟರು ಬಂದು, ನೋಡಿ, ಹೆಂಡತಿಗೆ ಕಾಣದ ಹಾಗೆ ನನಗೆ ತಲೆಯಾಡಿಸಿ ಹೋದರು. ಮಧ್ಯಾಹ್ನದ ಹೊತ್ತಿಗೆ ಚೆಲುವಿ ಪ್ರಾಣ ಬಿಟ್ಟಳು. ತಲೆ ಹೆಂಡತಿಯ ತೊಡೆಯ ಮೇಲಿತ್ತು.

ನಾನು ಶಿಬಿರದ ಮೇಷ್ಟ್ರಿಗೆ ಫೋನು ಮಾಡಿದೆ. ನನ್ನನ್ನು ಶಿಬಿರಕ್ಕೆ ಎಳೆದೊಯ್ದಿದ್ದ ಗೆಳೆಯನಿಗೆ ಬನ್ನಿಮಂಟಪದ ಆಚೆ ಸ್ವಲ್ಪ ಜಮೀನಿತ್ತು. ಅಲ್ಲೇ ಮಣ್ಣು ಮಾಡೋಣವೆಂದು ಅವನೂ ಗಾಡಿ ಹೇಳಿ ಮೇಷ್ಟ್ರ ಜೊತೆ ಬಂದ. ಇಬ್ಬರ ಕಣ್ಣೂ ಒದ್ದೆಯಾಗಿದ್ದವು. ಇಬ್ಬರ ಹೆಗಲಲ್ಲೂ ಚೀಲ ಇತ್ತು.

ಹೆಂಡತಿ ಚೆಲುವಿಯ ಹಣೆಗೆ ವಿಭೂತಿ ಹಚ್ಚಿ, ಕೊಂಬಿಗೆ ಹೂವು ಸುತ್ತಿ, ಪಕ್ಕದಲ್ಲೇ ಕೂತಿದ್ದಳು. ಗೆಳೆಯ ಮಂಡಿಯೂರಿ ಕೂತು ಕೊಂಬು ನೇವರಿಸಿದ. ಹೂವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. “ಎಷ್ಟು ಕರು ಹಾಕಿದ್ಳಮ್ಮ?” ಅಂದ.

ಆವರೆಗೆ ಬಂದವರು ಯಾರೂ ಚೆಲುವಿಯ ಬಗ್ಗೆ ಇಂಥದ್ದೊಂದು ಮಾತು ಕೇಳಿರಲಿಲ್ಲ. ಹೆಂಡತಿಗೆ ದುಃಖ ಒತ್ತರಿಸಿತು. “ಐದು ಕಣಪ್ಪ. ಎರಡನೇದು ಉಳೀಲಿಲ್ಲ. ಆಗ ನನ್ನ ಕೈ ನೆಕ್ಕೊಂಡು ಮೂರು ದಿನ ನೀರು ಮುಟ್ಲಿಲ್ಲ ಇವಳು.”

ಗೆಳೆಯನ ಬೆರಳು ಕೊಂಬಿನ ಬುಡದಲ್ಲಿ ನಿಧಾನವಾಗಿ ಒಂದೊಂದೇ ಗೆರೆ ದಾಟಿತು. ಅವನು ಮೇಷ್ಟ್ರ ಕಡೆ ತಿರುಗಿ, “ಸರಿಯಾಗಿ ಐದಿದೆ” ಅಂದ. ಬಗ್ಗಿದ ರಭಸಕ್ಕೆ ಅವನ ಚೀಲ ಜಾರಿ ಗರಗಸ ಠಣ್ ಅಂತ ಕಲ್ಲಿನ ಮೇಲೆ ಬಿತ್ತು.

ಮೇಷ್ಟ್ರು ಕೈ ಮುಗಿದು, “ತಾಯಿ, ತಪ್ಪು ತಿಳ್ಕೋಬೇಡಿ. ಅವಳ ಕೊಂಬಾದ್ರೂ ಮಣ್ಣಿಗೆ ಆಗ್ಲಿ ಅಂತ...” ಅಂದರು.

ಹೆಂಡತಿ ಎದ್ದು ಕೊಟ್ಟಿಗೆಯ ಮೂಲೆಗೆ ಹೋದಳು. ಡಾಕ್ಟರು ತುಂಬಿಟ್ಟು ಹೋದ ಕವರುಗಳ ಬಕೆಟ್ಟುಗಳಲ್ಲೊಂದನ್ನು ತಂದು ಅವರ ಮುಂದೆ ಇಟ್ಟಳು. “ಕೊಂಬಿಗೆ ತುಂಬೋದಾದ್ರೆ ಇದನ್ನ ತುಂಬಿ. ಅವಳ ಹೊಟ್ಟೇಲಿದ್ದದ್ದು ಇದೇ.”

ಮೇಷ್ಟ್ರು ಸತ್ಯವಂತರು. ಅಂಥ ಹೊತ್ತಲ್ಲೂ ಪಾಠ ತಪ್ಪಿಸುವವರಲ್ಲ. ಬಕೆಟ್ಟನ್ನು ನೋಡಿ, “ಇದು ಎಷ್ಟು ಯುಗಾದಿ ಬಂದ್ರೂ ಗೊಬ್ಬರ ಆಗಲ್ಲಮ್ಮ” ಅಂದರು.

“ಗೊತ್ತು” ಅಂದಳು ಹೆಂಡತಿ. ಬಗ್ಗಿ ಗರಗಸ ಎತ್ತಿಕೊಂಡಳು. ಗೆಳೆಯ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಅದನ್ನು ತಂದು ನನ್ನ ಕೈಗೆ ಕೊಟ್ಟಳು. ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು. “ತಗೊಂಡೋಗಿ ಒಳಗಿಡ್ರೀ. ತಪ್ಪು ಮಾಡಿದ್ರೂ ನೀವು ಇವರಂಗಲ್ಲ.”

ಒಳಗೆ ಹೋಗಿ ಹತಾರಗಳ ಪೆಟ್ಟಿಗೆ ತೆರೆದೆ. ಮೇಲೆಯೇ ನನ್ನ ಗರಗಸ ಇತ್ತು. ಬೆಳಿಗ್ಗೆ ಡಾಕ್ಟರು ತಲೆಯಾಡಿಸಿ ಹೋದ ಮೇಲೆ ನಾನೇ ಅದಕ್ಕೆ ಎಣ್ಣೆ ಸವರಿ, ಪೇಪರಿನಲ್ಲಿ ಸುತ್ತಿ ಇಟ್ಟಿದ್ದೆ. ಚೆಲುವಿ ಆಗಿನ್ನೂ ಉಸಿರಾಡುತ್ತಿದ್ದಳು. ಎರಡನ್ನೂ ಅದೇ ಪೇಪರಿನಲ್ಲಿ ಸುತ್ತಿ, ಸದ್ದಾಗದ ಹಾಗೆ ಪೆಟ್ಟಿಗೆ ಮುಚ್ಚಿ, ಅವಳನ್ನು ಗಾಡಿಗೆ ಎತ್ತುವವರಿಗೆ ಕೈ ಜೋಡಿಸಲು ಹೊರಗೆ ಬಂದೆ.