ರಗ್ಬಿಯಲ್ಲಿ ನಾನು ಇಬ್ಬರನ್ನು ಔಟ್ ಮಾಡಿದ್ದು

ವೇಲ್ಸ್ ಎಂಬ ದೇಶದಲ್ಲಿ ನನ್ನಂಥವನೇ ಒಬ್ಬನಿದ್ದ. ಕುತ್ತಿಗೆ ಇಲ್ಲ, ಕಿವಿ ಜಜ್ಜಿಹೋಗಿತ್ತು, ತೊಡೆಗಳು ಒಂದೊಂದೂ ಒರಳುಕಲ್ಲಿನಷ್ಟು. ರಗ್ಬಿ ಆಡಿಯೇ ಸಂಸಾರ ಸಾಕಿದ; ದೇಶದ ತಂಡದಲ್ಲಿ ಫಾರ್ವರ್ಡ್ ಆಗಿ ವರ್ಷಗಟ್ಟಲೆ ಮೆರೆದ. ಅವನ ಫೋಟೋವನ್ನು ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿ ತಿ. ನರಸೀಪುರದ ನಮ್ಮ ಕಾಲೇಜಿನ ಕ್ರೀಡಾ ಕೊಠಡಿಯಲ್ಲಿ ಅಂಟಿಸಿದ್ದವರು ಪುಟ್ಟಸ್ವಾಮಿ ಮೇಷ್ಟ್ರು. ತೊಂಬತ್ತರ ದಶಕದ ಕೊನೆಯ ಒಂದು ಮಧ್ಯಾಹ್ನ ಅವರು ಆ ಫೋಟೋವನ್ನೂ ನನ್ನನ್ನೂ ಮೂರು ಸಲ ನೋಡಿದರು.

"ಮಾದೇವಾ, ನೀನೂ ಇಂಗೇ ಇದ್ದೀಯ ಕಣ್ಲಾ. ಈ ಆಟ ನಮ್ ಕಡೆ ಯಾರ್ಗೂ ಬರಲ್ಲ. ಗೆದ್ರೆ ಸರ್ಟಿಫಿಕೇಟು. ಅದಿದ್ರೆ ಬಿ.ಪಿ.ಎಡ್ ಸೀಟು. ಆಮೇಲೆ ನೀನೇ ಡ್ರಿಲ್ ಮೇಷ್ಟ್ರು."

ಡ್ರಿಲ್ ಮೇಷ್ಟ್ರಾಗುವುದು ನನ್ನ ಹುಟ್ಟಾಸೆ. ಕೊರಳಲ್ಲಿ ಪೀಪಿ, ಕಾಲಲ್ಲಿ ಬಿಳಿ ಶೂ. ಬದುಕಿನಲ್ಲಿ ಇನ್ನೇನು ಬೇಕು?

"ಆಡೋದೆಂಗೆ ಸಾ?"

"ಕಬಡ್ಡಿ ಆಡ್ತೀಯಲ್ಲ, ಅದೇಯ. ಚೆಂಡೊಂದು ಎಕ್ಸ್‌ಟ್ರಾ."

ನನ್ನ ಬಾಳು ಹಾಳಾದದ್ದು ಈ ಮಾತಿನಿಂದ.

ನಮ್ಮೂರು ಹೆಮ್ಮಿಗೆಯಲ್ಲಿ, ಕುಯ್ಲಾದ ನಮ್ಮ ಗದ್ದೆಯಲ್ಲೇ ಅಭ್ಯಾಸ. ಎಂಟು ಜನ ಫಾರ್ವರ್ಡುಗಳು ಹೆಗಲಿಗೆ ಹೆಗಲು ಕೊಟ್ಟು, ತಲೆ ತಗ್ಗಿಸಿ ಎದುರು ಗುಂಪನ್ನು ತಳ್ಳಬೇಕು. ಬುತ್ತಿ ತಂದ ಅವ್ವ ಸ್ವಲ್ಪ ಹೊತ್ತು ನಿಂತು ನೋಡಿದಳು. "ಏನ್ ಕಳ್ಕೊಂಡ್ರಪ್ಪಾ?" ಎಂದು ತಾನೂ ಬಗ್ಗಿ ಹುಡುಕತೊಡಗಿದಳು. ಕಳೆದುಕೊಳ್ಳುವುದು ಇನ್ನೂ ಮುಂದಿತ್ತು.

ಪಂದ್ಯ ನಂಜನಗೂಡಿನಲ್ಲಿ, ಅಲ್ಲಿನ ತಂಡದ ಮೇಲೆ. ಆಟ ಇನ್ನೇನು ಮುಗಿಯಬೇಕು, ಎರಡೂ ಕಡೆ ಸಮ. ಆಗ ಚೆಂಡು ನನ್ನ ಕೈಗೆ ಬಂತು. ಅವರ ಗೆರೆ ಹತ್ತೇ ಹೆಜ್ಜೆ. ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಸರ್ಟಿಫಿಕೇಟು, ಸೀಟು, ಪೀಪಿ, ಬಿಳಿ ಶೂ! ಇಬ್ಬರು ಹಿಡಿಯಲು ಬಂದರು. ಒಬ್ಬನಿಗೆ ಕೈ ತಾಗಿಸಿದೆ, ಇನ್ನೊಬ್ಬನಿಗೆ ಕಾಲು.

ಅಷ್ಟೇ. ಹತ್ತು ವರ್ಷ ಕಬಡ್ಡಿ ಆಡಿದ ದೇಹ ನನ್ನ ಅಪ್ಪಣೆಗೆ ಕಾಯಲಿಲ್ಲ. ಇಬ್ಬರನ್ನು ಮುಟ್ಟಿಯಾಗಿದೆ, ಉಸಿರು ಬಿಡುವ ಮೊದಲು ನಡುಗೆರೆ ಸೇರಬೇಕು. ಗರಕ್ಕನೆ ತಿರುಗಿ, "ಕಬಡ್ಡಿ ಕಬಡ್ಡಿ" ಎನ್ನುತ್ತ ಬಂದ ದಾರಿಯಲ್ಲೇ ಓಡಿದೆ. ನಮ್ಮವರೆಲ್ಲ ಕಿರುಚುತ್ತಿದ್ದರು. ಮೆಚ್ಚಿಗೆ ಎಂದುಕೊಂಡೆ. ನಡುಗೆರೆ ದಾಟಿ, ಇನ್ನು ಉಪಯೋಗವಿಲ್ಲದ ಚೆಂಡನ್ನು ಮೆಲ್ಲಗೆ ನೆಲದ ಮೇಲಿಟ್ಟು, ರೆಫರಿಗೆ ಎರಡು ಬೆರಳು ತೋರಿಸಿದೆ.

"ಇಬ್ರು ಔಟು ಸಾ."

ರೆಫರಿಯ ಬಾಯಿಂದ ಪೀಪಿ ಜಾರಿತು. ನನ್ನನ್ನು ಅಟ್ಟಿಸಿಕೊಂಡು ಬಂದಿದ್ದ ನಂಜುಂಡ ಎಂಬ ನರಪೇತಲ ಆಟಗಾರ ಚೆಂಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ತಗೋಬೋದಾ ಅಣ್ಣಾ?"

"ತಗೊಳಪ್ಪಾ, ನಂದು ಮುಗೀತು" ಎಂದೆ.

ನಿಜವಾಗಿ ಮುಗಿದಿತ್ತು. ನಮ್ಮ ತಂಡವೆಲ್ಲ ಆ ತುದಿಯಲ್ಲಿತ್ತು. ನಂಜುಂಡ ಅಡ್ಡಿಯಿಲ್ಲದೆ ಓಡಿ ನಮ್ಮ ಗೆರೆಯಾಚೆ ಚೆಂಡು ಮುಟ್ಟಿಸಿದ.

ಮೇಷ್ಟ್ರು ಮೈದಾನದೊಳಕ್ಕೇ ಓಡಿ ಬಂದರು. "ಅಲ್ಲಾ ಕಣ್ಲಾ, ವಾಪಸ್ ಯಾಕ್ಲಾ ಬಂದೆ?"

"ನೀವೇ ಏಳಿದ್ರಲ್ಲ ಸಾ, ಕಬಡ್ಡಿನೇ ಅಂತ."

ನರಸೀಪುರಕ್ಕೆ ವಾಪಸ್ ಹೊರಟೆವು. ಬಸ್ಸಿನ ಹಿಂದಿನ ಸೀಟಿನಲ್ಲಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಾನು ಅತ್ತೆ. ಸುಳ್ಳು ಹೇಳುವುದಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ. ಮನೆಯಲ್ಲಿ ಅವ್ವ, "ಓಗ್ಲಿ ಬುಡು ಮಗ, ಕೈಕಾಲ್ ಮುರ್ಕೊಳ್ದೆ ಬಂದ್ಯಲ್ಲ" ಎಂದಳು. ಮುರಿದಿದ್ದರೆ ಎಷ್ಟೋ ವಾಸಿಯಿತ್ತು.

ವೇಲ್ಸಿನವನ ಆಟ ವರ್ಷಗಟ್ಟಲೆ ನಡೆಯಿತು. ನನ್ನದು ಒಂದು ಮಧ್ಯಾಹ್ನ. ಬಿ.ಪಿ.ಎಡ್ ಅರ್ಜಿಯಲ್ಲಿ ಕ್ರೀಡಾ ಸಾಧನೆ ಎಂಬ ಜಾಗವನ್ನು ಖಾಲಿ ಬಿಟ್ಟೆ, ಸೀಟು ಸಿಗಲಿಲ್ಲ. ಕೆಲವು ವರ್ಷ ಅಲೆದು ಕೊನೆಗೆ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾದೆ. ಎರಡು ವರ್ಷದ ಮೇಲೆ ಅಲ್ಲಿಗೆ ಹೊಸ ಡ್ರಿಲ್ ಮೇಷ್ಟ್ರು ಬಂದರು. ಕೊರಳಲ್ಲಿ ಪೀಪಿ, ಕಾಲಲ್ಲಿ ಬಿಳಿ ಶೂ. ನಂಜುಂಡ!

ಒಳ್ಳೆಯವನು. ನನ್ನನ್ನು ಕಂಡರೆ ಈಗಲೂ ಕೈ ಮುಗಿಯುತ್ತಾನೆ. "ಈ ಅಣ್ಣ ಅವತ್ತು ಚೆಂಡು ಕೊಡ್ದೆ ಓಗಿದ್ರೆ ನಾನಿಲ್ಲಿರ್ತಿರ್ಲಿಲ್ಲ ಕಣ್ರಪ್ಪಾ" ಎಂದು ಮಕ್ಕಳಿಗೆಲ್ಲ ಹೇಳುತ್ತಾನೆ.

ಪ್ರತಿ ವರ್ಷ ಕ್ರೀಡಾಕೂಟ ಮುಗಿದ ಮೇಲೆ ಗೆದ್ದವರ ಸರ್ಟಿಫಿಕೇಟುಗಳನ್ನು ಬರೆಯುವವನು ನಾನು, ಸಹಿ ಹಾಕುವವನು ಅವನು. ನನ್ನ ಕೈಬರಹ ಬಹಳ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ.